ಲೆಕ್ಕದ ಮೋಡ, ಕಂಡ ಮೋಡ

ಆಷಾಢದ ಗಾಳಿ ಬೀಸತೊಡಗಿತೆಂದರೆ ಹಿಂದೂಪುರ, ಕಲ್ಯಾಣದುರ್ಗಗಳ ಆಕಾಶದಲ್ಲಿ ಮಧ್ಯಾಹ್ನದ ಹೊತ್ತಿಗೆ ಬಿಳಿಯ ಮೋಡಗಳು ಅರಳೆಯ ರಾಶಿಯಂತೆ ತೇಲುತ್ತವೆ; ಸಂಜೆಗೆ ಕರಗಿಹೋಗುತ್ತವೆ. ಕಡಲೆಕಾಯಿ ಬಿತ್ತಲು ಕಾದಿರುವ ಮನೆಗಳಿಂದ ಬರುವ ಮಕ್ಕಳ ಪ್ರಶ್ನೆ ಒಂದೇ: ಇಷ್ಟು ಮೋಡ ಬಂದರೂ ಮಳೆ ಏಕೆ ಬರಲಿಲ್ಲ? ‘ಗಾಳಿ ಹೊತ್ತೊಯ್ದಿತು’ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುವುದು ಸುಲಭ. ಪ್ರಶ್ನೆ ಅದಕ್ಕಿಂತ ಹೆಚ್ಚಿನ ಮರ್ಯಾದೆಗೆ ಅರ್ಹವಾದುದು.

ಇವು ಗಿಡ್ಡ ರಾಶಿಮೋಡಗಳು. ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇರಿ, ತಣಿದು, ಅದರೊಳಗಿನ ಆವಿ ಹನಿಗಟ್ಟಿದಾಗ ಹುಟ್ಟುತ್ತವೆ. ಮೋಡದ ಹನಿಯ ತ್ರಿಜ್ಯ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು. ಒಂದು ಮಿಲಿಮೀಟರ್ ತ್ರಿಜ್ಯದ ಮಳೆಹನಿಯಾಗಲು ಅಂತಹ ಹತ್ತು ಲಕ್ಷ ಹನಿಗಳು ಕೂಡಬೇಕು. ಅದಕ್ಕೆ ಎತ್ತರವೂ ಕಾಲಾವಕಾಶವೂ ಬೇಕು. ಸುತ್ತಲಿನ ಒಣಗಾಳಿ ಪಕ್ಕಗಳಿಂದ ನುಗ್ಗಿ ಹನಿಗಳನ್ನು ಆವಿಯಾಗಿಸುವುದರಿಂದ ಗಿಡ್ಡ ಮೋಡಕ್ಕೆ ಎರಡೂ ದೊರೆಯುವುದಿಲ್ಲ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ, ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಯಲ್ಲಿ ಈ ಸಂಗತಿ ಪ್ರತಿವರ್ಷವೂ ಕಣ್ಣೆದುರಿಗೇ ನಡೆಯುತ್ತದೆ.

ಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮಕ್ಕಳೇ ಲೆಕ್ಕಹಾಕಬಲ್ಲರು. ಹೊಳಪುಳ್ಳ ಸ್ಟೀಲ್ ಲೋಟದಲ್ಲಿ ನೀರು ಹಾಕಿ, ಐಸ್ ತುಂಡುಗಳನ್ನು ಒಂದೊಂದಾಗಿ ಸೇರಿಸುತ್ತ ಕಲಕಬೇಕು. ಲೋಟದ ಹೊರಮೈ ಮಂಜಾದ ಕ್ಷಣದಲ್ಲಿ ನೀರಿನ ಉಷ್ಣತೆ ಎಷ್ಟಿದೆಯೋ ಅದೇ ಇಬ್ಬನಿ ಬಿಂದು. ನೆರಳಿನಲ್ಲಿ ಅಳೆದ ಗಾಳಿಯ ಉಷ್ಣತೆಯಿಂದ ಅದನ್ನು ಕಳೆದು 125ರಿಂದ ಗುಣಿಸಿದರೆ ಮೋಡದ ತಳದ ಎತ್ತರ ಮೀಟರುಗಳಲ್ಲಿ ಸಿಗುತ್ತದೆ. ಗಾಳಿ 32 ಡಿಗ್ರಿ, ಇಬ್ಬನಿ ಬಿಂದು 20 ಡಿಗ್ರಿ ಇದ್ದರೆ 1500 ಮೀಟರ್. ಇದು ನೆಲದಿಂದ ಎಣಿಸಿದ ಎತ್ತರ, ಸಮುದ್ರಮಟ್ಟದಿಂದಲ್ಲ. ಗಣಕಯಂತ್ರಗಳು ಮಾಡುವ ಮೋಡದ ಅನುಕರಣೆಯ ಬೀಜರೂಪ ಇದೇ.

ಇನ್ನು ಕಂಡದ್ದನ್ನು ಅಳೆಯಬೇಕು. ಒಂದು ಕಿಲೋಮೀಟರ್ ಅಂತರದಲ್ಲಿ ಇಬ್ಬರು ಉಪಾಧ್ಯಾಯರು ತಮ್ಮ ತಮ್ಮ ಮಕ್ಕಳೊಡನೆ ನಿಲ್ಲಲಿ. ಇಬ್ಬರನ್ನೂ ಜೋಡಿಸುವ ಗೆರೆಯ ನೇರಕ್ಕೆ, ಮುಂದೆ ಕಾಣುವ ಒಂದೇ ಮೋಡದ ತಳವನ್ನು ಆರಿಸಿಕೊಳ್ಳಲಿ. ಮೋಡ ನಿಲ್ಲುವುದಿಲ್ಲವಾದ್ದರಿಂದ ಫೋನಿನಲ್ಲಿ ಮಾತನಾಡಿಕೊಂಡು ಒಂದೇ ಕ್ಷಣದಲ್ಲಿ, ದಾರಕ್ಕೆ ಕಲ್ಲು ಕಟ್ಟಿದ ಕೋನಮಾಪಕದಿಂದ ಕೋನ ಅಳೆಯಲಿ. ದೂರದವರಿಗೆ 45 ಡಿಗ್ರಿ, ಹತ್ತಿರದವರಿಗೆ ಸುಮಾರು 71.5 ಡಿಗ್ರಿ ಬಂದರೆ ಮೋಡ 1500 ಮೀಟರಿನಲ್ಲಿದೆ. ತ್ರಿಕೋನಮಿತಿ ಬಾರದ ತರಗತಿಯವರು ಅಳತೆಗೆ ತಕ್ಕ ಚಿತ್ರ ಬರೆದೂ ಇದನ್ನು ಕಂಡುಕೊಳ್ಳಬಹುದು.

ಎರಡು ಉತ್ತರಗಳೂ ಒಂದೇ ಆಗಿ ಬರುವುದು ಅಪರೂಪ. ಪಾಠ ನಿಜವಾಗಿ ಆರಂಭವಾಗುವುದು ಇಲ್ಲಿಂದಲೇ. ದೂರದವರ ಕೋನದಲ್ಲಿ 2 ಡಿಗ್ರಿ ತಪ್ಪಿದರೆ ಎತ್ತರ ಸುಮಾರು 150 ಮೀಟರ್ ಏರುಪೇರಾಗುತ್ತದೆ. ಇಬ್ಬನಿ ಬಿಂದುವಿನಲ್ಲಿ 1 ಡಿಗ್ರಿ ತಪ್ಪಿದರೆ 125 ಮೀಟರ್. ಆದ್ದರಿಂದ 200 ಮೀಟರ್ ವ್ಯತ್ಯಾಸ ಕಂಡಾಗ ಲೆಕ್ಕ ಸುಳ್ಳು ಎನ್ನುವಂತಿಲ್ಲ, ನೋಟ ಸುಳ್ಳು ಎನ್ನುವಂತೆಯೂ ಇಲ್ಲ. ಉತ್ತರ ಹೊಂದಲೆಂದು ಕೋನವನ್ನು ತಿದ್ದುವ ಜಾಣ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರ ಬಗ್ಗೆ ಎಚ್ಚರವಿರಲಿ. ಆದರೆ ವ್ಯತ್ಯಾಸ 700 ಮೀಟರ್ ಆಗಿ, ಮರುದಿನವೂ ಹಾಗೆಯೇ ಬಂದರೆ, ಲೆಕ್ಕದಲ್ಲಿ ಯಾವುದೋ ಒಂದು ಅಂಶ ಬಿಟ್ಟುಹೋಗಿದೆಯೇ ಎಂದು ಕೇಳಬೇಕು. ಮೋಡ ನಮ್ಮ ನೆಲದ ಗಾಳಿಯಿಂದ ಹುಟ್ಟದೆ ಪಡುವಣದಿಂದ ತೇಲಿಬಂದಿರಬಹುದು.

ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೇಳಿದವರು ಬೆಂಗಳೂರಿನ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ; ಅವರ ಹೆಸರಿನಲ್ಲಿರುವ ರೊದ್ದಂ ಎಂಬ ಊರು ಹಿಂದೂಪುರದ ನೆರೆಯಲ್ಲೇ ಇದೆ. ಮೋಡವನ್ನು ಹೊಗೆಯ ಕಂಬದಂತೆ ಭಾವಿಸಿದ ಹಳೆಯ ಲೆಕ್ಕಗಳ ಪ್ರಕಾರ ಅದು ಸುತ್ತಲಿನ ಗಾಳಿಯನ್ನು ಬಹಳವಾಗಿ ಎಳೆದುಕೊಳ್ಳಬೇಕಿತ್ತು. ನಿಜವಾದ ರಾಶಿಮೋಡ ಎಳೆದುಕೊಳ್ಳುವುದು ಅದಕ್ಕಿಂತ ತೀರ ಕಡಿಮೆ. ಬಿಟ್ಟುಹೋದ ಅಂಶವೆಂದರೆ, ಆವಿ ಹನಿಗಟ್ಟುವಾಗ ಮೋಡದೊಳಗೇ ಬಿಡುಗಡೆಯಾಗುವ ಗುಪ್ತೋಷ್ಣ. ನರಸಿಂಹ ಮತ್ತು ಸಂಗಡಿಗರು ನೀರಿನ ತೊಟ್ಟಿಯಲ್ಲಿ ಮೇಲೇರುವ ಧಾರೆಯನ್ನು ನಡುದಾರಿಯಲ್ಲಿ ವಿದ್ಯುತ್ತಿನಿಂದ ಕಾಯಿಸಿ ಆ ಶಾಖವನ್ನು ಅನುಕರಿಸಿದರು. ತೊಟ್ಟಿಯೊಳಗೆ ರಾಶಿಮೋಡದ ಆಕೃತಿಗಳೇ ಮೂಡಿದವು. 2011ರಲ್ಲಿ ಪ್ರಕಟವಾದ ಅವರ ಪ್ರಬಂಧ ಆ ಹಳೆಯ ಒಗಟಿಗೆ ಈ ಶಾಖವೇ ವಿವರಣೆಯೆಂದು ಸೂಚಿಸಿತು. ಆ ಪ್ರಬಂಧದ ಚಿತ್ರಗಳನ್ನು ತರಗತಿಯಲ್ಲಿ ತೋರಿಸಲು ಸಾಧ್ಯವಾದರೆ ಬಿಡಬಾರದು.

ಮತ್ತೊಂದು ಕಡೆ ಎಚ್ಚರ ಬೇಕು. ಆಕಾಶದ ಎಂಟು ಭಾಗಗಳಲ್ಲಿ ಎಷ್ಟು ಭಾಗ ಮೋಡವಿದೆ ಎಂದು ವೀಕ್ಷಕರು ಬರೆದುಕೊಳ್ಳುವ ಪದ್ಧತಿಯಿದೆ. ಗಣಕದ ಲೆಕ್ಕ ಸಾಮಾನ್ಯವಾಗಿ ನೆಟ್ಟಗೆ ಮೇಲಿನಿಂದ ಎಣಿಸುತ್ತದೆ. ಮಗುವಿನ ಕಣ್ಣಾದರೋ ದಿಗಂತದ ಕಡೆ ಓರೆಯಾಗಿ ನೋಡುತ್ತದೆ. ಅಲ್ಲಿ ಮೋಡಗಳ ಪಕ್ಕಗಳು ನಡುವಿನ ತೆರವನ್ನು ಮುಚ್ಚಿ, ಇರುವುದಕ್ಕಿಂತ ಹೆಚ್ಚು ಮೋಡ ಕಾಣಿಸುತ್ತದೆ. ಆದುದರಿಂದ ನೆತ್ತಿಯ ಸುತ್ತಲಿನ ಭಾಗವನ್ನೂ ಇಡೀ ಆಕಾಶವನ್ನೂ ಬೇರೆಬೇರೆಯಾಗಿ ಬರೆಯಿಸಿರಿ. ಮಧ್ಯಾಹ್ನ 3 ಗಂಟೆಗೆ, ಕಟ್ಟಡದ ನೆರಳಿನಲ್ಲಿ ನಿಂತು, ಸೂರ್ಯನತ್ತ ನೋಡದಂತೆ ಇದನ್ನು ಮಾಡಿಸಬೇಕು. ಹಿಂದೂಪುರದ ಒಂದು ಶಾಲೆ, ಕಲ್ಯಾಣದುರ್ಗದ ಒಂದು ಶಾಲೆ ಒಂದೇ ಗಂಟೆಗೆ ಹೀಗೆ ಬರೆದು, ತಿಂಗಳ ಕೊನೆಗೆ ಪುಸ್ತಕಗಳನ್ನು ಅದಲುಬದಲು ಮಾಡಿಕೊಳ್ಳಲಿ. ಮಳೆ ಬಂದ ದಿನವನ್ನು ಕೆಂಪು ಶಾಯಿಯಲ್ಲಿ ಗುರುತಿಸಲು ಮಕ್ಕಳಿಗೆ ಹೇಳಬೇಕಾಗಿಲ್ಲ. ಅದನ್ನು ಅವರು ತಾವಾಗಿಯೇ ಮಾಡುತ್ತಾರೆ.