ಪಾಪ ಅಂತ ಯಾರೂ ಕೊಳ್ಳಬಾರದು

ನೀನು ಫೋನಿನಲ್ಲಿ ತೋರಿಸಿದ ಆರ್ಮೇನಿಯಾದ ದಾಳಿಂಬೆ ಓಲೆ ಚೆನ್ನಾಗಿದೆ ಪುಟ್ಟಿ. ಬೆಳ್ಳಿಯ ಸಿಪ್ಪೆ ಬಿರಿದು ಒಳಗಿಂದ ಕೆಂಪು ಹರಳು ಕಾಳಿನ ಹಾಗೆ ಇಣುಕುತ್ತೆ. ಅದನ್ನೇ ಟೆರಾಕೋಟಾದಲ್ಲಿ ಮಾಡಿ ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯ ವಸ್ತುಪ್ರದರ್ಶನದಲ್ಲಿ ಇಡಬೇಕು ಅಂತ ನಿನ್ನಾಸೆ. ಕ್ಯಾತ್ಸಂದ್ರದಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡು, ಜಾತ್ರೆಗೆ ಬಂದವರಿಗೆ ಬಳೆ ತೊಡಿಸುತ್ತಾ, ಅವರ ಕಿವಿ ಕತ್ತು ನೋಡುತ್ತಾ ಮುದುಕಿಯಾದವಳು ನಾನು. ಬೇಡ ಅಂತ ಹೇಳೋದಿಲ್ಲ. ನಾಲ್ಕು ಮಾತು ಕೇಳಿಸಿಕೊಂಡು ಆಮೇಲೆ ನಿನಗೆ ತೋಚಿದ ಹಾಗೆ ಮಾಡು.

ಆ ದಾಳಿಂಬೆ ಅವರದು ಕಣಮ್ಮ. ಅವರಿಗೆ ಅದು ಸಂತಾನದ, ಸಮೃದ್ಧಿಯ ಗುರುತು. ಅವರ ಹಳೇ ಹಸ್ತಪ್ರತಿಗಳ ಚಿತ್ರಗಳಲ್ಲಿದೆ, ಚರ್ಚಿನ ಕಲ್ಲಿನ ಕೆತ್ತನೆಯಲ್ಲೂ ಇದೆ. ಯೆರೆವಾನ್ ಊರಿನ ವೆರ್ನಿಸಾಜ್ ಸಂತೆಯಲ್ಲಿ ವಾರಾಂತ್ಯಕ್ಕೆ ಬೆಳ್ಳಿ ಒಡವೆ, ಲೇಸು, ಸ್ಕಾರ್ಫು ಸಾಲಾಗಿ ಹರಡಿರುತ್ತಾರಂತೆ. ಅವರ ಚರಿತ್ರೆಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. 1915ರ ನರಮೇಧದಲ್ಲಿ ಮನೆಮಠ ಕಳೆದುಕೊಂಡ ಹೆಂಗಸರು ಅಲೆಪ್ಪೊ, ಬೈರೂತ್ ಕಡೆ ನಿರಾಶ್ರಿತರಾಗಿ ಬಂದು, ಸೂಜಿ ಹಿಡಿದು ಹೊಟ್ಟೆ ಹೊರೆದರು. ಪಾಪ, ನಿರಾಶ್ರಿತರು ಅಂತ ಕೊಂಡವರೂ ಆಗ ಇದ್ದಿರಬೇಕು. ಪಾಪ ಅನ್ನೋ ಗಿರಾಕಿ ಒಂದೇ ಸಲ ಬರೋದು. ನೂರು ವರ್ಷ ದಾಟಿದ ಮೇಲೂ ಆ ಸೂಜಿ ಲೇಸನ್ನು ಜನ ಹುಡುಕಿ ಕೊಳ್ಳುತ್ತಾರೆ ಅಂದರೆ ಅದು ಗಂಟು ಬಿಗಿಯಾಗಿರುವುದಕ್ಕೆ. ಅವರಿಂದ ಏನಾದರೂ ತಗೊಳ್ಳುವುದಿದ್ದರೆ ಅದನ್ನ ತಗೋ, ಹಣ್ಣನ್ನಲ್ಲ.

ನಿನ್ನದು ಯಾವುದು ಅಂತೀಯಾ? ಗುಬ್ಬಿ ಕಡೆ ತೋಟದ ಮನೆಯಲ್ಲಿ ಕೂತು ಕೇಳೋ ಪ್ರಶ್ನೆಯೇ ಇದು! ನಿಮ್ಮಪ್ಪ ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಕೂತು, ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಉಂಡೆ ಕೊಬ್ಬರಿ ಒಡೆಯದ ಹಾಗೆ ಮೇಲಿನ ಚಿಪ್ಪು ತಟ್ಟಿ ತೆಗೀತಾರೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ, ಚಿಪ್ಪು ಇದ್ದಿಲಿಗೆ. ಇದ್ದಿಲಿಗೆ ಹೋಗೋ ಮುಂಚೆ ಒಂದು ಚೀಲ ನೀನು ಎತ್ತಿಟ್ಟುಕೋ. ಚಟ್ನಿಗೆ ಒಡೆದ ಹಸಿ ಕಾಯಿಯ ಚಿಪ್ಪು ಒಣಗುತ್ತಾ ಬಿರುಕು ಬಿಡಬಹುದು. ಕೊಬ್ಬರಿಯ ಚಿಪ್ಪು ಕಾಯಿಯ ಜೊತೆಗೇ ನಿಧಾನಕ್ಕೆ ಒಣಗಿದ್ದು, ಮೈ ಕಲ್ಲಿನ ಹಾಗಿರುತ್ತೆ, ಬಣ್ಣವೂ ಗಾಢ.

ಕೆಲಸ ಮಾತ್ರ ತಾಳ್ಮೆಯದು. ಹೆಬ್ಬೆಟ್ಟಿನಗಲಕ್ಕಿಂತ ದೊಡ್ಡ ಚೂರು ಬೇಡ. ದೊಡ್ಡದಾದಷ್ಟೂ ಡೊಂಕು ಕಾಣುತ್ತೆ, ಓಲೆ ಕೆನ್ನೆಗೆ ಒರಗಿ ನಿಲ್ಲೋದಿಲ್ಲ. ಮೇಲಿನ ನಾರನ್ನು ಚಾಕುವಿನಿಂದ ಹೆರೆದು, ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಆಕಾರ ಬರೆದು, ಸಣ್ಣ ಅಲಗಿನ ಗರಗಸದಲ್ಲಿ ಕೊಯ್ಯಬೇಕು. ಉಪ್ಪು ಕಾಗದ 80ರಿಂದ ಶುರುಮಾಡಿ 220, 400, 600ರವರೆಗೆ ಹೋಗಬೇಕು. ಅವಸರ ಮಾಡಿ ನಡುವಿನದೊಂದನ್ನು ಬಿಟ್ಟೆಯೋ, ಎಣ್ಣೆ ಸವರಿದ ಕೂಡಲೇ ಗೀರು ಎದ್ದು ಕಾಣುತ್ತೆ. ಎಣ್ಣೆ ನಮ್ಮ ಕೊಬ್ಬರಿ ಎಣ್ಣೆಯೇ, ಎರಡು ಹನಿ ಸಾಕು. ತೂತು ಅಂಚಿಗೆ ತೀರಾ ಹತ್ತಿರ ಕೊರೆಯಬೇಡ, ಸೀಳುತ್ತೆ. ಆ ಧೂಳು ಇದೆಯಲ್ಲ, ಅದು ಹಿಟ್ಟಿನ ಹಾಗೆ ನುಣ್ಣಗೆ ಎದೆಗೆ ಹೋಗುತ್ತೆ. ಮಾಸ್ಕ್ ಹಾಕದೆ ಉಜ್ಜಕೂಡದು, ಮಗು ಮಲಗಿರೋ ಕೋಣೆಯಲ್ಲಂತೂ ಬೇಡವೇ ಬೇಡ.

ಇಷ್ಟು ಕಷ್ಟಪಟ್ಟು ಕೊನೆಗೆ ಅಗ್ಗದ ಕೊಕ್ಕೆ ಹಾಕೋ ಹುಡುಗಿಯರನ್ನ ನೋಡಿದರೆ ನನಗೆ ಸಿಟ್ಟು ಬರುತ್ತೆ. ಅಂಥ ಕೊಕ್ಕೆಯಲ್ಲಿ ನಿಕ್ಕಲ್ ಇರಬಹುದು. ಕೆಲವರ ಮೈಗೆ ಅದು ಆಗೋದೇ ಇಲ್ಲ. ಕಿವಿ ಕೆಂಪಾಗಿ, ತುರಿಸಿ, ನೀರು ಸೋರುತ್ತೆ. ಕಿವಿ ನೊಂದ ಹೆಂಗಸು ಜಗಳಕ್ಕೆ ಬರೋದಿಲ್ಲ ಪುಟ್ಟಿ, ಸುಮ್ಮನೆ ಮುಂದಿನ ಅಂಗಡಿಗೆ ಹೋಗ್ತಾಳೆ. 92.5ರ ಬೆಳ್ಳಿ ಕೊಕ್ಕೆ ಹಾಕು. ಆಗದಿದ್ದರೆ ಒಳ್ಳೇ ಸ್ಟೀಲಿನದಾದರೂ ಇರಲಿ.

ಇನ್ನು ಓಲೆಯ ಜೊತೆ ಮಾರ್ತೀನಿ ಅಂದೆಯಲ್ಲ, ಆ ಸ್ಕಾರ್ಫಿನ ವಿಷಯ. ಸೂರತ್ತಿನಿಂದ ಬಂದ ಬಟ್ಟೆಗೆ ಅಂಟಿನಿಂದ ಮುತ್ತು ಅಂಟಿಸಿ ಕೈಕೆಲಸ ಅಂತ ಚೀಟಿ ಹಾಕಬೇಡ. ನಿನಗೆ ಸೀರೆ ಕುಚ್ಚು ಕಟ್ಟೋಕೆ ಬರುತ್ತಲ್ಲ, ಕ್ರೋಶಾ ಕುಚ್ಚೂ ಬರುತ್ತಲ್ಲ! ಮಗ್ಗದ ಹತ್ತಿ ಬಟ್ಟೆ ತಗೊಂಡು ಎರಡೂ ತುದಿಗೆ ಕಟ್ಟು. ಸೆರಗಿನ ಕುಚ್ಚಿಗಿಂತ ಇದನ್ನು ಗಟ್ಟಿಯಾಗಿ ಕಟ್ಟಬೇಕು, ಯಾಕೆಂದರೆ ಸ್ಕಾರ್ಫು ದಿನಾ ಸ್ಕೂಟರಿನ ಗಾಳಿಗೆ ಹಾರೋದು, ವಾರಕ್ಕೊಮ್ಮೆ ಒಗೆಯೋದು. ಮೊದಲನೆಯದನ್ನು ನೀನೇ ಹಾಕಿಕೊಂಡು ಒಗೆದು ನೋಡು. ಬಣ್ಣ ಬಿಟ್ಟರೆ ಮಾರಬೇಡ. ಧಾರವಾಡದ ಕಡೆ ಕಸೂತಿ ಹಾಕೋರನ್ನ ನೋಡು, ಗಂಟು ಕಾಣಕೂಡದು, ಗವಂತಿ ಹೊಲಿಗೆ ಹಿಂದೆಯೂ ಮುಂದೆಯೂ ಒಂದೇ ಸಮ. ಬಟ್ಟೆ ತಿರುಗಿಸಿ ನೋಡೋ ಗಿರಾಕಿಗೆ ಹೆದರದ ಕೆಲಸ ಅದು.

ಬೆಲೆ ಹೇಳೋಕೆ ನಿನಗೆ ಸಂಕೋಚ, ಗೊತ್ತು. ಒಂದು ಜೊತೆ ಓಲೆಗೆ ಎರಡು ಗಂಟೆ ಹಿಡಿಯಿತು ಅಂತಿಟ್ಟುಕೋ. ತೋಟಕ್ಕೆ ಬಂದ ಆಳಿಗೆ ಕೂಲಿ ಕೊಡದೆ ಕಳಿಸ್ತೀರಾ? ನಿನ್ನ ಕೂಲಿ ಮಾತ್ರ ಯಾಕೆ ಲೆಕ್ಕಕ್ಕಿಲ್ಲ? ಕೊಕ್ಕೆ, ಕಾಗದ, ಡಬ್ಬಿ, ಸ್ಟಾಲಿನ ಬಾಡಿಗೆ, ಬಸ್ ಚಾರ್ಜು, ನಿನ್ನ ಎರಡು ಗಂಟೆ, ಎಲ್ಲಾ ಬರೆದು ಕೂಡು. ಪಕ್ಕದ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಪ್ಲಾಸ್ಟಿಕ್ ಓಲೆ ಸಿಗುತ್ತೆ, ಸಿಗಲಿ. ಅದರ ಜೊತೆ ಪೈಪೋಟಿಗಿಳಿದರೆ ನೀನೇ ಸೋಲೋದು. ಒಂದೇ ದರ ಹೇಳು; ಚೌಕಾಸಿ ಮಾಡೋರು ನಮ್ಮ ಜಾತ್ರೆಯಲ್ಲಿ ಇದ್ದೇ ಇರ್ತಾರೆ, ನಗ್ತಾ ನಗ್ತಾ ಇಲ್ಲ ಅನ್ನು.

ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರು ಬಟ್ಟೆಗೆ ಕನ್ನಡಿ, ಕವಡೆ ಕೂರಿಸಿ ಹೊಲೀತಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಅವರ 1755 ಕಸೂತಿ ವಸ್ತುಗಳನ್ನು ಒಂದೇ ಕಡೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯಿತು. ಅವರು ಹೊಲಿದ ಚೀಲ ಕೊಳ್ಳೋರು ತಾಂಡಾದ ಬಡತನ ನೆನೆದು ದುಡ್ಡು ಕೊಡೋದಿಲ್ಲ, ಹೊಲಿಗೆ ನೋಡಿ ಕೊಡ್ತಾರೆ. ನಿನ್ನ ಬೋರ್ಡಿನ ಮೇಲೂ ಬಡ ಹೆಣ್ಣುಮಕ್ಕಳಿಗೆ ನೆರವಾಗಿ ಅಂತ ಬರೆಯಬೇಡ. ನೀವು ಸಂಘದವರು ಆರು ಜನ ಸೇರಿ ಮಾಡಿದ್ದರೆ ಸಂಘದ ಹೆಸರು ಹಾಕಿ, ಅಷ್ಟು ಸಾಕು.

ಚೀಟಿಯಲ್ಲಿ ನಿಜ ಬರಿ: ಚಿಪ್ಪು ಗುಬ್ಬಿ ತಾಲ್ಲೂಕಿನದು, ಕೊಕ್ಕೆ ಕೊಂಡದ್ದು, ಬಟ್ಟೆ ಇಂಥ ಊರಿನ ಮಗ್ಗದ್ದು, ಕುಚ್ಚು ನಮ್ಮ ಕೈಯದು. ಚನ್ನಪಟ್ಟಣದ ಅರಗಿನ ಮಣಿ ಸೇರಿಸಿದರೆ ಅದನ್ನೂ ಬರಿ. ಹಾಲೆ ಮರವನ್ನು ತಿರುಗಣೆಗೆ ಕೊಟ್ಟು ಮಣಿ ಕಡೆಯೋರ ಕೈಯೂ ಕೈಯೇ ತಾನೆ.

ಹಬ್ಬಕ್ಕೆ ಇನ್ನೂ ಟೈಮಿದೆ. ಮಠದ ಕಡೆ ಹೋಗಿ ಸ್ಟಾಲು ಯಾವಾಗ ಕೊಡ್ತಾರೆ ಅಂತ ಈಗಲೇ ಕೇಳಿಕೊಂಡು ಬಾ. ಒಳ್ಳೇ ಕನ್ನಡಿ ಒಂದು ತಾ, ಚಿಕ್ಕದು ಬೇಡ. ಕತ್ತು ಪೂರ್ತಿ ಕಾಣದೆ ಯಾವ ಹೆಂಗಸೂ ಓಲೆ ಕೊಳ್ಳೋದಿಲ್ಲ. ಮಧ್ಯಾಹ್ನ ನೀನು ದಾಸೋಹಕ್ಕೆ ಹೋಗಿ ಉಂಡು ಬರೋವರೆಗೆ ಗಲ್ಲಾದ ಹತ್ತಿರ ನಾನು ಕೂರ್ತೀನಿ. ಫೋನಿನಲ್ಲಿ ದುಡ್ಡು ಬಂತು ಅಂತ ಹೇಳೋ ಆ ಡಬ್ಬಿಯ ಸದ್ದು ಮಾತ್ರ ಜೋರಾಗಿ ಇಟ್ಟು ಹೋಗು, ನನಗೆ ಕಿವಿ ಸ್ವಲ್ಪ ಮಂದ.