ಮುಂಜಾವಿನ ನ್ಯಾರಿಗೆ ಹಿಂದಿನ ದಿನದ ಸಿದ್ಧತೆ



ಯಾವ ಬಾಲಿಕೆಯು ಉಂಡು ಬಂದಿರುವಳು, ಯಾವಳು ಬರಿಯ ಚಹಾ ಕುಡಿದು ಬಂದಿರುವಳು ಎಂಬುದು ಮೊದಲನೆಯ ಪಾಠದ ಶಿಕ್ಷಕಿಗೆ ಕೇಳದೆಯೇ ತಿಳಿಯುತ್ತದೆ. ಹನ್ನೊಂದರ ಹೊತ್ತಿಗೆ ಎರಡನೆಯವಳ ದೃಷ್ಟಿ ಕರಿಹಲಗೆಯ ಮೇಲೆ ನಿಲ್ಲುವುದಿಲ್ಲ. ಮಧ್ಯಾಹ್ನದ ಬಿಸಿಯೂಟವು ಅನೇಕ ಶಾಲೆಗಳಲ್ಲಿ ದೊರೆಯುತ್ತಿದೆ. 2013ರಲ್ಲಿ ಕ್ಷೀರಭಾಗ್ಯದ ಹಾಲೂ ಅದಕ್ಕೆ ಕೂಡಿಕೊಂಡಿತು. ಆದರೆ ಮುಂಜಾವಿನ ನ್ಯಾರಿಯು ಮನೆಯವರ ಹೊಣೆಯಾಗಿಯೇ ಉಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 19 ವಯಸ್ಸಿನ ಹುಡುಗಿಯರೊಳಗೆ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಆದುದರಿಂದ ಈ ವಿಷಯವನ್ನು ಕೇವಲ ಅಡಿಗೆಮನೆಯ ಮಾತೆಂದು ತಳ್ಳಿಬಿಡಲಾಗದು.

ತಾಯಂದಿರ ತೊಡಕನ್ನು ನಾನು ಬಲ್ಲೆನು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಿಂದ ಹೊರಡುವ ಮುಂಜಾನೆಯ ಬಸ್ಸು ಯಾರ ಒಲೆ ಹೊತ್ತಿತು, ಯಾರದು ಹೊತ್ತಲಿಲ್ಲ ಎಂದು ನೋಡುವುದಿಲ್ಲ. ತಾಯಿಯು ಹತ್ತಿ ಬಿಡಿಸಲಿಕ್ಕೋ ಗೋವಿನಜೋಳ ಮುರಿಯಲಿಕ್ಕೋ ನಸುಕಿನಲ್ಲಿಯೇ ಹೊಲಕ್ಕೆ ಹೋಗುವವಳಾದರೆ, ಒಲೆಯ ಮುಂದೆ ಕೂಡ್ರುವ ಪಾಳಿ ಹಿರಿಯ ಮಗಳದು. ಅವಳು ಎಲ್ಲರಿಗೂ ಬೇಯಿಸಿ, ತಾನು ಮಾತ್ರ ತಿನ್ನದೆ ಓಡುತ್ತಾಳೆ. ನ್ಯಾರಿಯ ಕೆಲಸವನ್ನು ಹಿಂದಿನ ದಿನಕ್ಕೆ, ಸಾಧ್ಯವಾದರೆ ಹಿಂದಿನ ವಾರಕ್ಕೆ ಸರಿಸಿದರೆ ಆ ಹುಡುಗಿಗೆ ಮುಂಜಾನೆ ಅರ್ಧ ತಾಸಾದರೂ ಉಳಿದೀತು.

ಇದು ಹೊಸ ಪದ್ಧತಿಯಲ್ಲ. ಬುತ್ತಿ ಕಟ್ಟಿ ಹೊಲಕ್ಕೆ ಹೋದವರ ಮಕ್ಕಳು ನಾವು. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತೆಂಬ ಗಾದೆಯುಂಟು. ಗಾದೆಯ ಮೊದಲರ್ಧವನ್ನು ಶಿಕ್ಷಕಿಯಾದ ನಾನು ಒಪ್ಪಲಾರೆ. ಎರಡನೆಯ ಅರ್ಧವನ್ನು ಖಡಕ್ ರೊಟ್ಟಿಯನ್ನು ಕಂಡವರಾರೂ ಒಪ್ಪಲಾರರು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದ ಕಥೆಯನ್ನು ಹೇಳಿದ್ದಾರೆ. ಕೆಡದೆ ಹೊರಬಂದದ್ದು ರಾಗಿ. ನಮ್ಮ ಸೀಮೆಯ ಅಡಿಗೆಯಲ್ಲಿ ಆ ಬಾಳಿಕೆಯ ಗುಣವು ಜೋಳದ ರೊಟ್ಟಿಯದು.

ಖಡಕ್ ರೊಟ್ಟಿಗೆ ಹಿಟ್ಟು ಹೊಸದಾಗಿ ಬೀಸಿದ್ದಿರತಕ್ಕದ್ದು. ಹಳೆಯ ಹಿಟ್ಟು ಬಿರಿಯುತ್ತದೆ, ರುಚಿಯೂ ಕಹಿ. ಕುದಿಯುವ ನೀರಿನಲ್ಲಿ ಹಿಟ್ಟು ಕಲಿಸಿ, ಚೆನ್ನಾಗಿ ನಾದಿ, ಎಷ್ಟು ತೆಳ್ಳಗೆ ಸಾಧ್ಯವೋ ಅಷ್ಟು ತೆಳ್ಳಗೆ ತಟ್ಟಬೇಕು. ಹಂಚಿಗೆ ಹಾಕಿ ಮೇಲ್ಮೈಗೆ ನೀರು ಸವರಿ ಎರಡೂ ಬದಿ ಬೇಯಿಸಿದ ಮೇಲೆ, ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತ ನೀರಿನ ಅಂಶವೆಲ್ಲ ಹೋಗುವವರೆಗೆ ಇಡಬೇಕು. ಕೆಡಿಸುವುದು ನೀರಿನ ಪಸೆಯೇ. ಅದು ಹೋದರೆ ಬೂಷ್ಟು ಹಿಡಿಯದು. ಬಿಸಿಯಿರುವಾಗ ಡಬ್ಬಿಗೆ ತುಂಬಲೇಕೂಡದು, ಒಳಗೇ ಬೆವೆತು ಮೆತ್ತಗಾಗುತ್ತದೆ. ಶನಿವಾರ ಮಧ್ಯಾಹ್ನ ನಾಲ್ವತ್ತು ರೊಟ್ಟಿ ಮಾಡಿದರೆ ಐವರ ಮನೆಗೆ ವಾರದ ನ್ಯಾರಿ ಸಾಗುತ್ತದೆ. ಕೈಲಾಗದವರು ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಕೊಂಡರೆ ನಾಚಿಕೆಯೇನೂ ಇಲ್ಲ.

ಅದರ ಜೊತೆಗೆ ಶೇಂಗಾ ಚಟ್ನಿ. ಕಾಲು ಕಿಲೊ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಸಿಪ್ಪೆ ತಿಕ್ಕಿ ಕೇರಿ, ಎಂಟು ಬ್ಯಾಡಗಿ ಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಉಪ್ಪು ಕೂಡಿಸಿ ತರಿತರಿಯಾಗಿ ಕುಟ್ಟಬೇಕು. ಬ್ಯಾಡಗಿ ಕಾಯಿಯು ಬಣ್ಣ ಹೆಚ್ಚು, ಖಾರ ಕಡಿಮೆಯಾದುದರಿಂದ ಮಕ್ಕಳಿಗೆ ಒಗ್ಗುತ್ತದೆ. ಗುರೆಳ್ಳಿನ ಚಟ್ನಿಯನ್ನೂ ಇದೇ ರೀತಿಯಲ್ಲಿ ಮಾಡಬಹುದು. ಒಣ ಚಮಚೆಯನ್ನೇ ಬಳಸಿರಿ. ರೊಟ್ಟಿ, ಚಟ್ನಿ, ಗಟ್ಟಿ ಮೊಸರು ಇವಿಷ್ಟು ಮುಂದಿದ್ದರೆ ಏಳು ವರ್ಷದ ಮಗುವೂ ತಾನೇ ಬಡಿಸಿಕೊಂಡು ಉಣ್ಣಬಲ್ಲದು.

ನಮ್ಮ ಹಬ್ಬದ ತಿನಿಸುಗಳಲ್ಲಿ ಅನೇಕವು ಹೀಗೆ ಇಟ್ಟು ತಿನ್ನುವವೇ ಆಗಿವೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ನಾಗರಪಂಚಮಿಗೆ ಶೇಂಗಾ ಉಂಡಿ, ಜೋಳದ ಅಳ್ಳು ಬೀಸಿದ ಅಳ್ಳಿಟ್ಟು. ಅಳ್ಳಿಟ್ಟನ್ನು ಪಂಚಮಿಗೆ ಮಾತ್ರವೇ ಮೀಸಲಿಡುವುದೇಕೆಂಬುದು ನನಗೆ ತಿಳಿಯದು. ಬೆಲ್ಲ, ಹಾಲು ಕೂಡಿಸಿ ಕಲಿಸಿದರೆ ಎರಡು ನಿಮಿಷದ ಕೆಲಸ.

ಭತ್ತದ ಸೀಮೆಯಾದ ಹಾನಗಲ್ಲಿನ ಕಡೆಯವರು ಅನ್ನವನ್ನೇ ಬಯಸುತ್ತಾರೆ. ಅವರಿಗೆ ರಾತ್ರಿ ಹೆಪ್ಪು ಹಾಕಿದ ಮೊಸರನ್ನ ಒಳ್ಳೆಯದು. ಮೆತ್ತಗೆ ಬೇಯಿಸಿದ ಅನ್ನವು ಉಗುರುಬೆಚ್ಚಗಿರುವಾಗಲೇ ಕಾಯಿಸಿ ಆರಿಸಿದ ಹಾಲನ್ನೂ ಒಂದು ಚಮಚ ಮೊಸರನ್ನೂ ಬೆರೆಸಿ ಮುಚ್ಚಿಡತಕ್ಕದ್ದು. ಬರಿಯ ಅನ್ನವನ್ನು ಬೇಸಗೆಯ ರಾತ್ರಿ ಹಾಗೆಯೇ ಬಿಟ್ಟು ಮಕ್ಕಳಿಗೆ ಕೊಡಬಾರದು. ಮತ್ತೆ ಬಿಸಿಮಾಡಿದರೂ ಅದರ ದೋಷ ಪೂರ್ತಿಯಾಗಿ ಹೋಗದು. ಪಡ್ಡಿನ ಹಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಮಳೆಗಾಲದ ಥಂಡಿಯಲ್ಲಿ ಹುದುಗು ತಡವಾಗುವುದರಿಂದ ಸಂಜೆ ಬೇಗನೆ ರುಬ್ಬಿ, ಪಾತ್ರೆಯನ್ನು ಒಲೆಯ ಹತ್ತಿರವಿಡಿರಿ.

ಇನ್ನೊಂದು ಮಾತು ಚಹಾದ ಕುರಿತು. ಕಾಳು, ಧಾನ್ಯಗಳಲ್ಲಿರುವ ಕಬ್ಬಿಣದ ಅಂಶವು ಮೈಗೆ ಹತ್ತದಂತೆ ಅದು ತಡೆಯುತ್ತದೆ. ನ್ಯಾರಿಯ ಜೊತೆಗೆ ಕೊಡದೆ, ಒಂದು ತಾಸು ಬಿಟ್ಟು ಕೊಡುವುದು ಲೇಸು. ಲಿಂಬೆಹಣ್ಣು ಇದಕ್ಕೆ ಪ್ರತಿಯಾಗಿ ಸಹಾಯ ಮಾಡುತ್ತದೆ. ಮೊಳಕೆ ಬಂದ ಹೆಸರುಕಾಳಿಗೆ ನಾಲ್ಕು ಹನಿ ಹಿಂಡಿದರೂ ಸಾಕು.

ಶನಿವಾರದ ಕೆಲಸವೂ ಹಿರಿಯ ಮಗಳ ಕೊರಳಿಗೇ ಬಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಶೇಂಗಾ ಹುರಿದು ಕೇರಲಿಕ್ಕೆ, ಚಟ್ನಿ ಕುಟ್ಟಲಿಕ್ಕೆ, ಆರಿದ ರೊಟ್ಟಿಯನ್ನು ಎಣಿಸಿ ಡಬ್ಬಿಗೆ ಇಡಲಿಕ್ಕೆ ತಮ್ಮಂದಿರನ್ನು ಕರೆಯಿರಿ. ಹಿಟ್ಟು ನಾದಲಿಕ್ಕೆ ತಂದೆಯ ತೋಳಿಗೆ ಬಲವುಂಟು. ಹತ್ತನೆಯ ತರಗತಿಯ ಮಗಳಿರುವ ಮನೆಯಲ್ಲಿ ಈ ಪಾಳಿಯನ್ನು ಪರೀಕ್ಷೆಯ ತಿಂಗಳವರೆಗೆ ಕಾಯದೆ ಜೂನಿನಲ್ಲಿಯೇ ಗೊತ್ತುಮಾಡಿಕೊಳ್ಳಿರಿ.