ಭಾಷಣ ಗೆದ್ದರೆ ಓಟೂ ಗೆಲ್ಲುತ್ತಾ?

ಹಗರಿಬೊಮ್ಮನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಆದರೆ ಲೋಕಸಭೆಗೆ ನಾವು ಓಟು ಹಾಕೋದು ಬಳ್ಳಾರಿ ಕ್ಷೇತ್ರದಲ್ಲಿ. ನಾವು ಹುಟ್ಟುವ ಮೊದಲೇ, 1999ರಲ್ಲಿ, ಈ ಕ್ಷೇತ್ರದಲ್ಲಿ ಸೋನಿಯಾ ಗಾಂಧಿ ವಿರುದ್ಧ ಸುಷ್ಮಾ ಸ್ವರಾಜ್ ನಿಂತಿದ್ದರು. ಪ್ರಚಾರದ ಕೆಲವೇ ದಿನಗಳಲ್ಲಿ ಸುಷ್ಮಾ ಕನ್ನಡ ಕಲಿತು, ಕನ್ನಡದಲ್ಲೇ ಭಾಷಣ ಮಾಡಿದರು. ಜನ ಇವತ್ತಿಗೂ ಅದನ್ನು ನೆನೆಯುತ್ತಾರೆ. ಗೆದ್ದದ್ದು ಮಾತ್ರ ಸೋನಿಯಾ, ಸುಮಾರು 56 ಸಾವಿರ ಓಟುಗಳ ಅಂತರದಿಂದ.

ಹಾಗಾದರೆ ಆ ಭಾಷಣಗಳು ಕೆಲಸ ಮಾಡಲಿಲ್ಲವಾ? ರಾಜಕೀಯದ ಮಾತು ಜನರ ಮನಸ್ಸನ್ನು ಹೇಗೆ ಒಲಿಸುತ್ತದೆ ಅನ್ನೋ ಅಧ್ಯಯನ ಸುತ್ತುವುದೇ ಈ ಪ್ರಶ್ನೆಯ ಸುತ್ತ.

ಮಾತನ್ನು ಬಿಡಿಸಿ ನೋಡುವುದು

ಅರಿಸ್ಟಾಟಲ್ ಮೂರು ಅಂಶ ಹೇಳಿದ್ದ: ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನ ತರ್ಕ. ಕನ್ನಡ ಕಲಿತು ಮಾತಾಡಿದ್ದು ಮೊದಲನೆಯದಕ್ಕೆ ಒಳ್ಳೆ ಉದಾಹರಣೆ. "ಇವರು ನಮಗೋಸ್ಕರ ಕಷ್ಟಪಟ್ಟಿದ್ದಾರೆ" ಅಂತ ಕೇಳುವವರಿಗೆ ಅನಿಸುತ್ತದೆ.

ಅಳೆದು ನೋಡುವುದು

1940ರಲ್ಲಿ ಲಾಜರ್ಸ್‌ಫೆಲ್ಡ್ ತಂಡ ಅಮೆರಿಕದ ಒಹಾಯೊದಲ್ಲಿ ಅದೇ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿತು. ಪ್ರಚಾರದಿಂದ ಮನಸ್ಸು ಬದಲಿಸಿದವರು ಕಡಿಮೆ. ಮೊದಲೇ ಇದ್ದ ಒಲವು ಗಟ್ಟಿಯಾದವರೇ ಹೆಚ್ಚು. 2018ರಲ್ಲಿ ಕಲ್ಲಾ ಮತ್ತು ಬ್ರೂಕ್‌ಮನ್ 49 ಕ್ಷೇತ್ರಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಅಮೆರಿಕದ ಸಾರ್ವತ್ರಿಕ ಚುನಾವಣೆಗಳಲ್ಲಿ ಮನೆಮನೆ ಭೇಟಿ, ಕರೆ, ಕರಪತ್ರಗಳಿಂದ ಮನಸ್ಸು ಬದಲಾಗುವುದು ಸರಾಸರಿ ಸೊನ್ನೆಯ ಹತ್ತಿರ ಅಂತ ಬಂತು.

ಇಲ್ಲಿ ನಮ್ಮ ಲ್ಯಾಬ್ ಪಾಠ ನೆನಪಿಡಬೇಕು. ಬಳ್ಳಾರಿಯಲ್ಲಿ ಕಂಟ್ರೋಲ್ ಗ್ರೂಪ್ ಇರಲಿಲ್ಲ. ಕನ್ನಡದ ಭಾಷಣ ಇಲ್ಲದಿದ್ದರೆ ಅಂತರ ಇನ್ನೂ ಹೆಚ್ಚುತ್ತಿತ್ತೇನೋ. ಒಂದು ಫಲಿತಾಂಶ ನೋಡಿ "ಭಾಷಣ ಸೋತಿತು" ಅನ್ನೋಕೆ ಆಗಲ್ಲ.

ಚೌಕಟ್ಟು ನೋಡುವುದು

ಯಾವುದನ್ನು ಆರಿಸಿ ಮುಂದಿಡುತ್ತೇವೆ ಅನ್ನೋದೇ ಚೌಕಟ್ಟು ಎಂದು ಎಂಟ್‌ಮನ್ 1993ರಲ್ಲಿ ವಿವರಿಸಿದರು. 1999ರ ಸ್ಪರ್ಧೆಯನ್ನು "ದೇಶದ ಮಗಳು, ವಿದೇಶಿ ಸೊಸೆ" ಅನ್ನೋ ಚೌಕಟ್ಟಿನಲ್ಲಿ ಇಡಲಾಗಿತ್ತು. ಆದರೆ ನಮ್ಮ ಕಡೆ ಹೊಸ್ತಿಲು ದಾಟಿ ಬಂದ ಸೊಸೆ ಮನೆಯವಳೇ. ಹೊರಗಿನವಳು ಅನ್ನೋಕೆ ಬಳಸಿದ ಪದವೇ ಒಳಗಿನವಳು ಅಂತಲೂ ಕೇಳಿಸಬಹುದು. ಅರ್ಥ ತುಂಬುವವರು ಕೇಳುವವರು.

ಕಂಪ್ಯೂಟರ್‌ಗೆ ಕಲಿಸುವುದು

ಹೊಸ ಒಲವು ಇದು, ನಮ್ಮ ಬ್ರಾಂಚ್‌ಗೂ ಹತ್ತಿರ. 2020ರ ಸೆಮ್‌ಇವಾಲ್ ಸ್ಪರ್ಧೆಯಲ್ಲಿ ಇಂಗ್ಲಿಷ್ ಸುದ್ದಿಗಳೊಳಗಿನ ಪ್ರಚಾರತಂತ್ರಗಳನ್ನು 14 ವರ್ಗಗಳಲ್ಲಿ ಗುರುತಿಸುವ ಸವಾಲಿತ್ತು. ಕನ್ನಡ-ಇಂಗ್ಲಿಷ್ ಬೆರೆತ ಯೂಟ್ಯೂಬ್ ಕಾಮೆಂಟ್‌ಗಳ ಡೇಟಾಸೆಟ್ ಒಂದು ಅದೇ ವರ್ಷ ಬಂತು. ಅದರಲ್ಲಿ ಲೇಬಲ್ ಹಾಕಿರುವುದು ಭಾವನೆಗೆ ಮತ್ತು ನಿಂದನೆಗೆ. "ಸೊಸೆ" ಅನ್ನೋ ಪದದ ಎರಡು ಮುಖ ಇಂಗ್ಲಿಷ್ ಡೇಟಾದಲ್ಲಿ ಕಲಿತ ಮಾಡೆಲ್‌ಗೆ ಹೇಗೆ ಗೊತ್ತಾಗಬೇಕು? ಆ ಲೇಬಲ್ ಹಾಕಬೇಕಾದವರು ಕನ್ನಡ ಗೊತ್ತಿರುವ ನಾವೇ.

ನಮ್ಮಲ್ಲಿ ಬಹಳ ಜನ ಮೊದಲ ಸಲ ಓಟು ಹಾಕುವವರು. ಮುಂದಿನ ಸಲ ಫ್ಯಾಮಿಲಿ ಗ್ರೂಪಿಗೆ ಭಾಷಣದ ತುಣುಕು ಬಂದಾಗ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇದರಲ್ಲಿ ತರ್ಕ ಎಷ್ಟು, ಭಾವನೆ ಎಷ್ಟು? ಯಾವ ವಿಷಯ ಬಿಟ್ಟುಹೋಗಿದೆ? ಇದು ನಮ್ಮ ಮನಸ್ಸು ಬದಲಿಸಿತಾ, ಇಲ್ಲಾ ಮೊದಲೇ ಇದ್ದದ್ದನ್ನೇ ಗಟ್ಟಿ ಮಾಡಿತಾ?